ಊರಿನ ಟೀಮು, ಒಬ್ಬರ ಕಿಸೆ

ಈ ಸಲ ಫುಟ್ಬಾಲ್ ಬಗ್ಗೆ ಬರೀಲಿಕ್ಕೆ ಕೂತೀನಿ ಅಂದ್ರ ವೈನಿಯವರು, ಮಾವಶಿಯವರು ಎಲ್ಲಾರೂ "ಇಕಿಗೇನಾತು ಇವತ್ತ?" ಅಂತ ನಗತೀರಿ. ನಗ್ರಿ, ಆದ್ರ ಕಡೀತನಕ ಓದ್ರಿ. ಇದು ಗೋಲು, ಪೆನಾಲ್ಟಿ ಸುದ್ದಿ ಅಲ್ಲ. ಒಂದು ಸಣ್ಣ ಊರು ತನ್ನ ಪ್ರೀತಿಯ ಕ್ಲಬ್ಬನ್ನ ಹೆಂಗ ಬೆಳೆಸ್ತು, ಹೆಂಗ ಕಳಕೊಂಡ್ತು ಅನ್ನೂ ಸುದ್ದಿ. ಭಜನಾ ಮಂಡಳಿ, ಮಹಿಳಾ ಮಂಡಳ, ಗಣಪತಿ ಕಮಿಟಿ ಅಂತ ಓಡ್ಯಾಡೂ ನಾವೆಲ್ಲಾ ಒಮ್ಮೆ ಕೇಳಬೇಕಾದ ಸುದ್ದಿ ಇದು ಅಂತ ನನಗ ಅನಸ್ತದ.

ಊರು ಇರೂದು ಫಿನ್ಲಂಡ್ ದೇಶದಾಗ. ಯುರೋಪಿನ ಮ್ಯಾಲಿನ ತುದಿ, ವರ್ಷದಾಗ ಎಷ್ಟೋ ತಿಂಗಳು ಬರೇ ಹಿಮ. ಅದಕ್ಕ ಅಲ್ಲಿ ಫುಟ್ಬಾಲ್ ಸೀಸನ್ ಏಪ್ರಿಲ್ ಸುಮಾರಿಗೆ ಶುರುವಾಗಿ ಅಕ್ಟೋಬರ್ ಹೊತ್ತಿಗೆ ಮುಗೀತದ. ಮಂದಿಗೆ ಐಸ್ ಹಾಕಿ ಹುಚ್ಚು ಹೆಚ್ಚು. ಫುಟ್ಬಾಲ್‌ದು ಎರಡನೇ ಪಂಕ್ತಿ ಊಟ. ಅಂಥಾ ದೇಶದ ಆಗ್ನೇಯ ಭಾಗದಾಗ, ಕಿಮಿಯೊಕಿ ನದಿ ದಂಡಿ ಮ್ಯಾಲ ಮಿಲ್ಲಿಕೋಸ್ಕಿ ಅಂತ ಒಂದು ಊರು. ಅವರ ಭಾಷಾದಾಗ "ಮಿಲ್ಲಿ" ಅಂದ್ರ ಗಿರಣಿ, "ಕೋಸ್ಕಿ" ಅಂದ್ರ ನದಿ ರಭಸಲೆ ಧುಮುಕೂ ಜಾಗ. ಆ ನೀರಿನ ಜೋರು ನೋಡೇ 1892ರಾಗ ಬ್ಯೋರ್ನ್‌ಬೆರ್ಗ್ ಮನೆತನದವರು ಅಲ್ಲಿ ಕಾಗದದ ಕಾರ್ಖಾನಿ ಹಾಕಿದ್ರು. ದಾಂಡೇಲಿ ನೋಡಿದವರಿಗೆ ಬಿಡಿಸಿ ಹೇಳೂದು ಬ್ಯಾಡ. ಕಾಗದದ ಊರು ಅಂದ್ರ ಹೆಂಗಿರ್ತದ, ನದಿ, ಕಟಿಗಿ, ಪಾಳಿ ಕೆಲಸ, ಊರಿನ ಎಲ್ಲಾ ಮನಿ ಒಲಿ ಒಂದ ಕಾರ್ಖಾನಿ ಪಗಾರದ ಮ್ಯಾಲ ಉರಿಯೂದು, ಅವರಿಗೆ ಗೊತ್ತದ.

1947ರಾಗ ಆ ಊರಾಗ ಒಂದು ಫುಟ್ಬಾಲ್ ಕ್ಲಬ್ ಹುಟ್ಟಿತು. ಹೆಸರು ಮಿಲ್ಲಿಕೋಸ್ಕೆನ್ ಪಲ್ಲೊ. ಪಲ್ಲೊ ಅಂದ್ರ ಚಂಡು. ಎಲ್ಲಾರೂ ಕರಿಯೂದು ಮಿಪಾ ಅಂತ. ಊರಾಗ ಇರೋವ್ರು ಕೆಲವೇ ಸಾವಿರ ಮಂದಿ. ಅವರ ಸವಿನಿಯೆಮಿ ಸ್ಟೇಡಿಯಮ್ಮಿನಾಗ ಹಿಡಿಯೂದು ಸುಮಾರು ನಾಲ್ಕು ಸಾವಿರ ಮಂದಿ. ಅಂದ್ರ ಒಂದು ಛಲೋ ಮ್ಯಾಚ್ ಇದ್ದ ದಿನ ಮನ್ಯಾಗ ಬಾಣಂತಿ, ಮುದುಕರನ್ನ ಬಿಟ್ಟು ಉಳಿದ ಊರೆಲ್ಲಾ ಅಲ್ಲೇ ಹಿಡೀಬಹುದಿತ್ತು.

ಇಂಥಾ ಊರಿನ ಟೀಮು 1992ರಿಂದ 2014ರ ತನಕ, ಸತತ 23 ಸೀಸನ್, ದೇಶದ ಎಲ್ಲಾಕ್ಕಿಂತ ಮ್ಯಾಲಿನ ಲೀಗಿನಾಗ ಆಡ್ತು. ರಾಜಧಾನಿ ಹೆಲ್ಸಿಂಕಿಯ ದೊಡ್ಡ ಕ್ಲಬ್ಬಿನ ಸರಿಸಮ ನಿಂತು ಆಡ್ತು. 1993, 94, 95, 96 ನಾಲ್ಕೂ ವರ್ಷ ಎರಡನೇ ನಂಬರು. ನಾಲ್ಕು ಸಲ ಬಾಗಿಲ ತನಕ ಹೋಗಿ ಒಳಗ ಹೋಗಲಾರದ್ದು ಅಂದ್ರ ಏನು ಸಂಕಟ ನೋಡ್ರಿ. ಆದ್ರೂ ಬಿಡಲಿಲ್ಲ. 1992, 1995, 2004ರಾಗ ಫಿನ್ನಿಶ್ ಕಪ್ ಗೆದ್ರು. 1995ರಾಗ ಯುರೋಪಿನ ಸ್ಪರ್ಧಾದಾಗ ಸ್ಕಾಟ್ಲಂಡಿನ ಮದರ್‌ವೆಲ್ ಟೀಮನ್ನ ಮನಿಗೆ ಕಳಿಸಿದ್ರು. ಕಡೀಕ 2005ರಾಗ ಲೀಗ್ ಚಾಂಪಿಯನ್ ಆದ್ರು. ಅದೊಂದ ಸಲ.

ನಿಮ್ಮ ಮನ್ಯಾಗ ರಾತ್ರಿ ಎಲ್ಲಾ ಎದ್ದು ಫುಟ್ಬಾಲ್ ನೋಡೂ ಹುಡುಗರಿದ್ರ ಸಾಮಿ ಹೂಪಿಯಾ ಯಾರು ಅಂತ ಕೇಳ್ರಿ. ಲಿವರ್‌ಪೂಲ್ ಟೀಮಿನ ಎತ್ತರದ ಡಿಫೆಂಡರ್, 1999ರಿಂದ ಹತ್ತು ವರ್ಷ ಅಲ್ಲಿ ಆಡಿದಂವ. ಅದಕ್ಕೂ ಮೊದಲ 1992ರಿಂದ 95ರ ತನಕ ಅಂವ ಆಡಿದ್ದು ಇದ ಮಿಪಾದಾಗ. ಯಾರಿ ಲಿತ್ಮನೆನ್ ಅಂತ ಇನ್ನೊಬ್ಬಂವ, ಫಿನ್ಲಂಡ್ ಕಂಡ ಎಲ್ಲಾಕ್ಕಿಂತ ದೊಡ್ಡ ಆಟಗಾರ ಅಂತಾರ. ಅಂವ ಸುದ್ದಾ 1992ರಾಗ ಮಿಪಾದಾಗ ಆಡಿ, ಅಲ್ಲಿಂದನ ಹಾಲಂಡಿನ ಆಯಾಕ್ಸ್‌ಗೆ ಹೋದ. 1995ರಾಗ ಲಿತ್ಮನೆನ್, 2005ರಾಗ ಹೂಪಿಯಾ, ಇಬ್ಬರೂ ಚಾಂಪಿಯನ್ಸ್ ಲೀಗ್ ಗೆದ್ದ ಟೀಮಿನಾಗ ಇದ್ರು. ಒಂದು ಗಿರಣಿ ಊರು ಇಬ್ಬರು ಹುಡುಗರನ್ನ ತಿದ್ದಿ ತೀಡಿ ಇಷ್ಟು ದೂರ ಕಳಿಸ್ತು.

ಈಗ ರೊಕ್ಕದ ಮಾತಿಗೆ ಬರ್ತೀನಿ. ಕೆಲವೇ ಸಾವಿರ ಮಂದಿ ಊರು, ಟಿಕೆಟ್ ರೊಕ್ಕದಾಗ ಇಷ್ಟೆಲ್ಲಾ ಸಾಧ್ಯ ಆಗೂದಿಲ್ಲ. ಕ್ಲಬ್ಬಿಗೆ ದೊಡ್ಡ ಆಸರಾ ಆ ಕಾಗದದ ಕಾರ್ಖಾನಿನ. ಮನ್ಯಾಗ ದುಡಿಯೂ ಒಬ್ಬ ಹಿರಿಯಣ್ಣ ಇದ್ದಂಗ. ಹಿರಿಯಣ್ಣ ಗಟ್ಟಿ ಇರೂತನಕ ಉಳಿದವರಿಗೆ ಲೆಕ್ಕ ಕೇಳೂ ಪ್ರಸಂಗನ ಬರೂದಿಲ್ಲ.

ಆದ್ರ ಜಗತ್ತು ಕಾಗದ ಬಳಸೂದು ಕಡಿಮಿ ಮಾಡ್ತು. ಆ ಕಾರ್ಖಾನಿ ತಯಾರಿಸ್ತಿದ್ದದ್ದು ಮಾಸಪತ್ರಿಕಾದಂಥಾವಕ್ಕ ಬೇಕಾಗೂ ಕಾಗದ. ನಾವೂ ಮೊದಲ ವಾರಪತ್ರಿಕಾ, ಮಾಸಪತ್ರಿಕಾ ತರಿಸಿ ಒಬ್ಬರ ಮನಿಯಿಂದ ಒಬ್ಬರ ಮನಿಗೆ ಹಂಚಿ ಓದ್ತಿದ್ವಿ, ಈಗ ಇದನ್ನೂ ಮೊಬೈಲಿನಾಗನ ಓದ್ಲಿಕ್ಹತ್ತೀರಿ. ಅಲ್ಲಿಯವರೂ ಹಂಗ. ಕಾಗದ ಹೆಚ್ಚಾತು, ಕೊಳ್ಳೋವ್ರು ಕಡಿಮಿ ಆದ್ರು. 2011ರ ಆಗಸ್ಟಿನಾಗ ಮಿಲ್ಲಿಕೋಸ್ಕಿ ಕಂಪನಿಯನ್ನ ಯುಪಿಎಂ ಅನ್ನೂ ದೊಡ್ಡ ಕಾಗದ ಕಂಪನಿ ಕೊಂಡ್ತು. ಅದ ವರ್ಷ ಡಿಸೆಂಬರಿನಾಗ ಮಿಲ್ಲಿಕೋಸ್ಕಿ ಕಾರ್ಖಾನಿ ಬಂದ್ ಆತು. ನೂರಾ ಹತ್ತೊಂಬತ್ತು ವರ್ಷದ ಕಾರ್ಖಾನಿ. ಮುನ್ನೂರಕ್ಕಿಂತ ಹೆಚ್ಚು ಮಂದಿ ಕೆಲಸ ಹೋತು.

ಮಿಪಾ ಆದ್ರೂ ಕೂಡ್ಲೇ ಮಲಗಲಿಲ್ಲ. ಇನ್ನೂ ಮೂರು ಸೀಸನ್ ಮ್ಯಾಲಿನ ಲೀಗಿನಾಗನ ಆಡಿದ್ರು. ಆದ್ರ ರೊಕ್ಕ ಹೊಂದಲಿಲ್ಲ. 2015ರ ಸೀಸನ್ ಶುರುವಾಗೂಕ್ಕಿಂತ ಮೊದಲ "ನಮ್ಮ ಕಡೆ ಆಗೂದಿಲ್ಲ" ಅಂತ ತಾವೇ ಲೀಗಿನ ಜಾಗ ಬಿಟ್ಟುಕೊಟ್ರು. ಅವರ ಜಾಗಕ್ಕ ಕೊತ್ಕಾ ಅನ್ನೂ ಊರಿನ ಟೀಮು ಬಂತು. ಮೈದಾನದಾಗ ಸೋತು ಕೆಳಗ ಇಳಿದದ್ದಲ್ಲ, ಗಮನಿಸ್ರಿ. ಲೆಕ್ಕದ ವಹಿಯಾಗ ಸೋತದ್ದು.

ಇಂಥಾ ಸುದ್ದಿ ಕೇಳಿದಾಗ ನಾವು ಲಗೂನ ಒಬ್ಬರ ಮ್ಯಾಲ ಬೊಟ್ಟು ಮಾಡ್ತೀವಿ. "ಕಾರ್ಖಾನಿ ಮುಚ್ಚಿದವರು ಊರು ಹಾಳು ಮಾಡಿದ್ರು" ಅಂತ ಅಂತೀವಿ. ಅರ್ಧ ಖರೇ. ಕಾರ್ಖಾನಿ ಮುಚ್ಚೂ ಮುಂದ ನೌಕರಿ ಎಷ್ಟು ಹೋತು ಅಂತ ಎಣಸ್ತಾರ, ಅದರ ಮ್ಯಾಲ ನಿಂತ ಬ್ಯಾರೆ ಏನೇನು ಕುಸೀತದ ಅಂತ ಯಾರೂ ಬರೆದಿಡೂದಿಲ್ಲ. ಶನಿವಾರ ಸಂಜಿ ಎಲ್ಲಾರೂ ಕೂಡೂ ಜಾಗ, ಹುಡುಗರಿಗೆ ಮಾದರಿ ಆಗೂ ದೊಡ್ಡ ಹುಡುಗರು, ಊರಿನ ಹೆಸರು ಪೇಪರಿನಾಗ ಬರೂದು, ಇವಕ್ಕ ಬೆಲಿ ಕಟ್ಟಿದವರು ಯಾರು? ಆದ್ರ ಇನ್ನರ್ಧ ಅನ್ಯಾಯದ ಮಾತು. ಆ ಕಾರ್ಖಾನಿ ಇರಲಿಲ್ಲಂದ್ರ ಮಿಪಾ ಅಷ್ಟು ಮ್ಯಾಲ ಏರ್ತಿರಲೂ ಇಲ್ಲ. ಅಷ್ಟು ವರ್ಷ ಉಣಿಸಿದ ಕೈಗೆ ಕಡೀಕ ಬೈಗುಳ ಕೊಡೂದು ಛಲೋ ಅಲ್ಲ.

ನನ್ನ ಅಭಿಪ್ರಾಯ ಇಷ್ಟು: ಕ್ಲಬ್ ಎಲ್ಲಾರದು, ಕಿಸೆ ಒಬ್ಬರದು ಅಂತ ಇದ್ರ ಅದು ಎಷ್ಟ ಎತ್ತರ ಏರಿದ್ರೂ ಒಂಟಿ ಕಾಲಿನ ಮ್ಯಾಲ ನಿಂತದ್ದು. ಸಂಭಾಳಿಸೂದು ಕಲಿಯೋದಿದ್ರ ಒಳ್ಳೇ ದಿನದಾಗನ ಕಲೀಬೇಕು. ಕಪ್ ಗೆದ್ದ ವರ್ಷ ವಂತಿಗಿ ಕೇಳಿದ್ರ ಮಂದಿ ಖುಷಿಲೆ ಕೊಡ್ತಾರ. ಕಾರ್ಖಾನಿ ಮುಚ್ಚಿದ ವರ್ಷ ಕೇಳಿದ್ರ ಕೊಡೂ ಮನಸ್ಸಿದ್ರೂ ಕೈಯಾಗ ಇರೂದಿಲ್ಲ. ಕೊಡೋವ್ರ ಪಗಾರಾನೂ ಅದ ಕಾರ್ಖಾನಿದಲ್ರಿ!

ಮಿಪಾದವರ ಒಂದು ಮಾತು ಮಾತ್ರ ನನಗ ಭಾಳ ದೊಡ್ಡದು ಅನಸ್ತದ. ರೊಕ್ಕ ಇಲ್ಲಾಂದಾಗ ಅಡ್ಡದಾರಿ ಹಿಡಿಲಿಲ್ಲ, ಜಾಗ ಬಿಟ್ರು. ಅದ ದೇಶದಾಗ ತಂಪೆರೆ ಅನ್ನೂ ದೊಡ್ಡ ಊರಿನಾಗ ತಂಪೆರೆ ಯುನೈಟೆಡ್ ಅಂತ ಕ್ಲಬ್ ಇತ್ತು. 1998ರಾಗ ಹುಟ್ಟಿ 2001, 2006, 2007ರಾಗ ಮೂರು ಸಲ ಚಾಂಪಿಯನ್. ಆದ್ರ ಸಿಂಗಾಪುರದ ಒಂದು ಕಂಪನಿಯಿಂದ ರೊಕ್ಕ ತೊಗೊಂಡ್ರು. ಆ ರೊಕ್ಕದ ಹಿಂದ ಮ್ಯಾಚ್ ಫಿಕ್ಸಿಂಗ್ ಮಂದಿ ಇದ್ರು ಅಂತ ಬಯಲಾಗಿ 2011ರಾಗ ಆಟದಿಂದನ ಹೊರಗ ಹಾಕಿದ್ರು. ಯಾರ ರೊಕ್ಕ, ಯಾಕ ಕೊಡ್ಲಿಕ್ಹತ್ಯಾರ ಅಂತ ಕೇಳದ ಕೈ ಚಾಚಿದ್ರ ಮೂರು ಕಪ್ಪೂ ಮಾನ ಉಳಸೂದಿಲ್ಲ. ಮುಂದ ಆ ಕ್ಲಬ್ಬನ್ನ ಕೆಳಗಿನ ಡಿವಿಜನ್ನಿನಿಂದ ಮತ್ತ ನಿಲ್ಲಿಸಿದವರು ಅದರ ಅಭಿಮಾನಿಗಳು. ದೊಡ್ಡ ಕಿಸೆಯವರು ಹೋದ ಮ್ಯಾಲ ಉಳಿದವರು ಇವರ.

"ಸಣ್ಣ ವಂತಿಗಿಲೆ ದೊಡ್ಡ ಟೀಮು ನಡೀತದೇನ?" ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನಾ. ನಡಿಯೂದಿಲ್ಲ. ಮನಿಗೆ ಹತ್ತು ರೂಪಾಯಿ ಕೂಡಿಸಿ ಲಿತ್ಮನೆನ್‌ಗೆ ಪಗಾರ ಕೊಡಲಿಕ್ಕೆ ಆಗೂದಿಲ್ಲ. ಆದ್ರ ಉಳೀಬೇಕಾದದ್ದು ಯಾವುದು ಅನ್ನೂದನ್ನ ಮೊದಲ ಹೇಳ್ರಿ. ಮ್ಯಾಲಿನ ಲೀಗಿನ ಜಾಗಾನೋ, ಸಂಜಿಗೆ ಹುಡುಗರು ಚಂಡು ಒದಿಯೂ ಮೈದಾನಾನೋ? ಮೊದಲನೇದಕ್ಕ ಕಾರ್ಖಾನಿ ಬೇಕು. ಎರಡನೇದಕ್ಕ ಊರು ಸಾಕು. ಫಿನ್ನಿಶ್ ಮಂದಿಯೊಳಗ "ತಲ್ಕೋತ್" ಅಂತ ಒಂದು ಪದ್ಧತಿ ಅದ, ನಮ್ಮ ಹೊಲದ ಮುಯ್ಯಾಳಿನ ಹಂಗ. ಎಲ್ಲಾರೂ ಕೂಡಿ ಪಗಾರ ಇಲ್ಲದ ಕೆಲಸ ಮಾಡೂದು. ಅಲ್ಲಿಯ ಸಣ್ಣ ಕ್ಲಬ್ ನಡೆಯೂದೇ ಇದರಿಂದ. ಮ್ಯಾಚಿನ ದಿನ ಕಾಫಿ ಕಾಸೂದು, ತಿಂಡಿ ಮಾರೂದು, ಟಿಕೆಟ್ ಹರಿಯೂದು, ಸಣ್ಣ ಹುಡುಗರ ಟೀಮನ್ನ ಊರೂರಿಗೆ ಕರಕೊಂಡು ಹೋಗೂದು, ಎಲ್ಲಾ ಅಪ್ಪ-ಅವ್ವಂದಿರ ಕೆಲಸ. ಮಿಪಾನೂ ಆಮ್ಯಾಲ ಕೆಳಗಿನ ಡಿವಿಜನ್ನಿನಾಗ ಮತ್ತ ಆಡಲಿಕ್ಕೆ ಇಳೀತು. ಹೆಸರು ಅಳಿಯಲಿಲ್ಲ.

ಅದಕ್ಕ ನನ್ನದೊಂದು ಸೂಚನಾ, ಅಕ್ಕಾರ. ನಮ್ಮ ಮಂಡಳಕ್ಕ ಹಾಲ್ ಬಾಡಿಗಿ, ಮೈಕು, ಪ್ರಸಾದ ಅಂತ ವರ್ಷಾ ಒಬ್ಬರ ಕೊಡಲಿಕ್ಕೆ ಮುಂದ ಬಂದ್ರ ಕೈ ಮುಗಿದು ಅರ್ಧ ತೊಗೋಬೇಕು, ಇನ್ನರ್ಧ ಎಲ್ಲಾರ ಕಡೆಯಿಂದ ಐವತ್ತೋ ನೂರೋ ಕೂಡಿಸಬೇಕು. ರೊಕ್ಕ ಕೊಡಲಾರದವರು ಹೂ ಕಟ್ಟಲಿ, ಜಮಖಾನಿ ಹಾಸಲಿ. ಭಿಶಿ ನಡಸೂ ಶಿಸ್ತು ನಮಗ ಮೊದಲ ಅದ, ಅದನ್ನ ಇಲ್ಲಿಗೂ ತರೂದು ಅಷ್ಟ. ಲೆಕ್ಕದ ವಹಿ ಒಬ್ಬರ ಕಪಾಟಿನಾಗ ಇರಬಾರದು, ಮೂರು ಮಂದಿಗೆ ಗೊತ್ತಿರಬೇಕು. ಕೊಡೋವ್ರ ಮನಸ್ಸು ಕೆಟ್ಟದು ಅಂತ ಅಲ್ರಿ. ಅವರಿಗೂ ವಯಸ್ಸಾಗ್ತದ, ಮಕ್ಕಳ ಊರಿಗೆ ಹೋಗ್ತಾರ, ಅವರ ಅಂಗಡಿ ವ್ಯಾಪಾರ ಏರೀತು, ಇಳಿದೀತು. ಅವರು ಹೋದ ದಿನ ನಾವು ಒಬ್ಬರ ಮುಖ ಒಬ್ಬರು ನೋಡ್ಕೋತ ಕೂಡೂದು ಬ್ಯಾಡ.

ಮುಂದಿನ ಮೀಟಿಂಗಿನಾಗ ಈ ಮಾತು ನಾನ ತೆಗೀತೀನಿ. ಬ್ಯಾಡ ಅನ್ನೋವ್ರು ಕಾರಣ ತೊಗೊಂಡ ಬರ್ರಿ, ಚಹಾ ಕುಡಕೋತ ಜಗಳಾಡೋಣು.