ಆಟದ ಅಂಗಳ: ಹೆಸರು ನಾಲ್ಕು, ಸಂಘ ಒಂದು

ಒಂದು ನಾಡಿನ ಚರಿತ್ರೆಯನ್ನು ಅರಿಯಬೇಕಾದರೆ ಅಲ್ಲಿನ ಅರಮನೆಗಳನ್ನೂ ಗುಡಿಗೋಪುರಗಳನ್ನೂ ನೋಡಬೇಕೆಂದು ಬಲ್ಲವರು ಹೇಳುವರು. ಆಟದ ಬಯಲಿನ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಯಾರನ್ನು ಒಳಗೆ ಬಿಡುವರು, ಯಾರನ್ನು ಹೊರಗೆ ನಿಲ್ಲಿಸುವರು ಎಂಬುದನ್ನು ಗಮನಿಸಿದರೂ ಆ ಚರಿತ್ರೆಯ ಬಹುಭಾಗವು ತಿಳಿದೀತೆಂದು ನಮ್ಮ ಭಾವನೆ. ಈ ತಿಂಗಳು ನಮ್ಮ ವಾಚಕರನ್ನು ನೈಲ್ ನದಿಯ ತೀರದಲ್ಲಿರುವ ಕೈರೋ ನಗರಕ್ಕೆ ಕರೆದೊಯ್ದು, ಅಲ್ಲಿನ ಜಮಾಲೆಕ್ ಎಂಬ ಕ್ರೀಡಾಸಂಘವನ್ನೂ, ಅದರ ಬ್ಯಾಸ್ಕೆಟ್ ಬಾಲ್ ಪಂಗಡವು ಗಳಿಸಿದ ಕೀರ್ತಿಯನ್ನೂ ಪರಿಚಯಮಾಡಿಕೊಡುವೆವು.

ಮೊದಲು ಆಟದ ವಿಚಾರ. 1891ನೆಯ ಇಸವಿಯ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ ವ್ಯಾಯಾಮದ ಉಪಾಧ್ಯಾಯರಾಗಿದ್ದ ಜೇಮ್ಸ್ ನೈಸ್ಮಿತ್ ಎಂಬವರು, ಚಳಿಗಾಲದಲ್ಲಿ ಹೊರಗೆ ಆಡಲಾರದ ತರುಣರಿಗಾಗಿ ಹಣ್ಣಿನ ಬುಟ್ಟಿಗಳೆರಡನ್ನು ಗೋಡೆಯ ಮೇಲೆ ಕಟ್ಟಿಸಿ, ಹದಿಮೂರು ನಿಯಮಗಳನ್ನು ಬರೆದು ಈ ಆಟವನ್ನು ಹೂಡಿದರು. ಈಗ ಬುಟ್ಟಿಗೆ ಬದಲಾಗಿ ನೆಲದಿಂದ ಹತ್ತು ಅಡಿ ಎತ್ತರದಲ್ಲಿ ಕಬ್ಬಿಣದ ಬಳೆಯೊಂದು ಬಲೆಯನ್ನು ಹೊತ್ತು ನಿಂತಿರುವುದು. ಒಂದೊಂದು ಕಡೆಗೆ ಐವರು ಆಟಗಾರರು. ಚೆಂಡನ್ನು ಕೈಯಲ್ಲಿ ಹಿಡಿದುಕೊಂಡು ಓಡುವಂತಿಲ್ಲ; ನೆಲಕ್ಕೆ ಪುಟಿಸುತ್ತ ಸಾಗಬೇಕು, ಇಲ್ಲವೆ ಸಂಗಡಿಗನಿಗೆ ಎಸೆಯಬೇಕು. ಎಷ್ಟೇ ಚತುರನಾದರೂ ಒಬ್ಬನೇ ಗೆಲ್ಲಲಾರದ ಆಟವಿದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಗೆ ಇದೇ ಕೀಲಿಕೈ.

ಇನ್ನು ಸಂಘದ ವಿಚಾರಕ್ಕೆ ಬರೋಣ. 1882ರಲ್ಲಿ ಬ್ರಿಟಿಷ್ ಸೇನೆಯು ಈಜಿಪ್ಟನ್ನು ಆಕ್ರಮಿಸಿತು. ಅದೇ ವರ್ಷ ನೈಲ್ ನದಿಯ ನಡುಗಡ್ಡೆಯೊಂದರಲ್ಲಿ ಗೆಜೀರಾ ಎಂಬ ಸಂಘವು ಹುಟ್ಟಿತು. ಹಸುರು ಬಯಲು, ಕುದುರೆಯ ಆಟ, ಸಂಜೆಯ ಗಾಳಿಸೇವನೆ, ಎಲ್ಲವೂ ಅಲ್ಲಿದ್ದುವು; ಆದರೆ ಬಹುಕಾಲದವರೆಗೆ ಅದು ಆಳುವವರ ಸೊತ್ತಾಗಿಯೇ ಉಳಿಯಿತು. ನೆಲವು ತಮ್ಮದು, ನದಿಯು ತಮ್ಮದು, ಬಾಗಿಲು ಮಾತ್ರ ಪರರದು! ಈ ಸ್ಥಿತಿಯನ್ನು ಕಂಡು ನೊಂದ ಈಜಿಪ್ಟಿನ ವಿದ್ಯಾವಂತರು 1907ರಲ್ಲಿ ತಮ್ಮ ವಿದ್ಯಾರ್ಥಿಗಳ ಸಲುವಾಗಿ ಒಂದು ಸಂಘವನ್ನು ಕಟ್ಟಿದರು. ಅದಕ್ಕೆ ಅಲ್ ಅಹ್ಲಿ, ಎಂದರೆ ‘ರಾಷ್ಟ್ರೀಯ’, ಎಂದು ಹೆಸರಾಯಿತು.

ಇದಾದ ನಾಲ್ಕು ವರ್ಷಗಳಿಗೆ, 1911ರಲ್ಲಿ, ಜಾರ್ಜ್ ಮಾರ್ಜ್‌ಬಾಕ್ ಎಂಬ ಬೆಲ್ಜಿಯಂ ದೇಶದ ನ್ಯಾಯವಾದಿಯು ಮತ್ತೊಂದು ಸಂಘವನ್ನು ಸ್ಥಾಪಿಸಿದನು. ನದಿಯ ಸೇತುವೆಯ ನೆರೆಯಲ್ಲಿದ್ದುದರಿಂದ ಅದಕ್ಕೆ ಕಸ್ರ್ ಅಲ್ ನೀಲ್ ಎಂಬ ಹೆಸರು ಬಂದಿತು. 1913ರಲ್ಲಿ ಹೆಸರು ಬದಲಾಗಿ, ಜನರ ಬಾಯಲ್ಲಿ ‘ಮುಖ್ತಲತ್’ ಎಂದು ನಿಂತಿತು. ಅರಬ್ಬೀ ಭಾಷೆಯಲ್ಲಿ ಆ ಮಾತಿಗೆ ‘ಮಿಶ್ರ’ವೆಂದು ಅರ್ಥ. ಒಂದು ಸಂಘವು ಆಳುವವರದು, ಒಂದು ನಾಡಿನವರದು; ಈ ಮೂರನೆಯದೋ ಎಲ್ಲರೂ ಬೆರೆತದ್ದು. 1917ರಲ್ಲಿ ಆಡಳಿತವು ಈಜಿಪ್ಟಿನವರ ಕೈಗೆ ಬಂದಿತು. ಮುಂದೆ 1940ರ ದಶಕದಲ್ಲಿ ಅರಸನಾದ ಫಾರೂಕನ ಹೆಸರನ್ನು ಸಂಘಕ್ಕೆ ಇಟ್ಟರು. 1952ರ ಕ್ರಾಂತಿಯಲ್ಲಿ ಅರಸನು ಸಿಂಹಾಸನವನ್ನು ತೊರೆದು ದೇಶಾಂತರ ಹೋದನು; ಅವನೊಡನೆ ಆ ಹೆಸರೂ ಹೋಯಿತು. ಆ ಬಳಿಕ ಬಂದ ಹೆಸರೇ ಜಮಾಲೆಕ್. ಜಮಾಲೆಕ್ ಎಂಬುದು ನಡುಗಡ್ಡೆಯ ಒಂದು ಬಡಾವಣೆ. ಸಂಘದ ನೆಲೆಯಾದರೋ ಈಗ ನದಿಯ ಪಶ್ಚಿಮ ದಡದ ಮೀತ್ ಓಕ್ಬಾದಲ್ಲಿರುವುದು! ಊರು ಬಿಟ್ಟರೂ ಮನೆತನದ ಹೆಸರು ಬಿಡದ ನಮ್ಮ ಕುಟುಂಬಗಳಂತೆ ಇದೂ ಒಂದು ಸೋಜಿಗ.

ಈಜಿಪ್ಟಿನ ಇಂತಹ ಸಂಘಗಳು ಕೇವಲ ಆಟಗಾರರ ಬಿಡಾರಗಳಲ್ಲವೆಂಬುದನ್ನು ನಮ್ಮ ಗೃಹಿಣಿಯರು ಮುಖ್ಯವಾಗಿ ತಿಳಿಯತಕ್ಕದ್ದು. ಅಲ್ಲಿ ಇಡಿಯ ಕುಟುಂಬವೇ ಸದಸ್ಯತ್ವವನ್ನು ಪಡೆಯುವುದು. ತಂದೆತಾಯಿಗಳು ತೋಟದಲ್ಲಿ ಕುಳಿತು ಚಹಾ ಕುಡಿಯುತ್ತಿರುವಾಗ ಮಕ್ಕಳು ಈಜುಕೊಳದಲ್ಲಿಯೋ ಚೆಂಡಿನ ಅಂಗಳದಲ್ಲಿಯೋ ಅಭ್ಯಾಸಮಾಡುವರು. ಕಾಲ್ಚೆಂಡು, ಕೈಚೆಂಡು, ವಾಲಿಬಾಲ್, ಬ್ಯಾಸ್ಕೆಟ್ ಬಾಲ್ ಎಲ್ಲವೂ ಒಂದೇ ಹೆಸರಿನ, ಒಂದೇ ಬಣ್ಣದ ಅಡಿಯಲ್ಲಿ ನಡೆಯುವುವು. ಜಮಾಲೆಕ್ಕಿನ ಉಡುಪು ಬಿಳಿಯದು. ಅದರ ಮೇಲೆ ಎರಡು ಕೆಂಪು ಪಟ್ಟಿಗಳು. ಅಹ್ಲಿಯದು ಕೆಂಪು. ಕೈರೋವಿನ ಮನೆಗಳಲ್ಲಿ ಅಣ್ಣನು ಬಿಳಿಯ ಪಕ್ಷ, ತಮ್ಮನು ಕೆಂಪು ಪಕ್ಷವಾದರೆ ಊಟದ ಹೊತ್ತಿನಲ್ಲಿ ವಾಗ್ಯುದ್ಧಕ್ಕೆ ಬರವಿರಲಾರದು.

ಈ ದೇಶಕ್ಕೆ ಬ್ಯಾಸ್ಕೆಟ್ ಬಾಲ್ ಹೊಸತಲ್ಲ. ಆಫ್ರಿಕ ಖಂಡಕ್ಕೆ ಪ್ರತ್ಯೇಕವಾದ ಪಂದ್ಯಾವಳಿಯಿಲ್ಲದ ಆ ಕಾಲದಲ್ಲಿ ಈಜಿಪ್ಟಿನ ತಂಡವು ಯೂರೋಪಿನವರೊಡನೆ ಆಡುತ್ತಿದ್ದಿತು. 1947ರಲ್ಲಿ ಪ್ರಾಗ್ ನಗರದಲ್ಲಿ ನಡೆದ ಯೂರೋಪಿನ ಪಂದ್ಯಾವಳಿಯಲ್ಲಿ ಅದು ಮೂರನೆಯದಾಯಿತು. ಮುಂದಿನ ಪಂದ್ಯಾವಳಿಯು 1949ರಲ್ಲಿ ಕೈರೋವಿನಲ್ಲಿಯೇ ನಡೆದು, ಈಜಿಪ್ಟ್ ಪ್ರಥಮ ಸ್ಥಾನವನ್ನು ಪಡೆಯಿತು. ಆದರೆ ಸತ್ಯವನ್ನು ಮರೆಮಾಚಬಾರದು. ಹಿಂದಿನ ಬಾರಿ ಗೆದ್ದ ಸೋವಿಯತ್ ದೇಶವೂ, ಇನ್ನೂ ಹಲವು ಬಲಿಷ್ಠ ತಂಡಗಳೂ ಅಷ್ಟು ದೂರ ಪ್ರಯಾಣಮಾಡಲಿಲ್ಲ. ಬಂದವರು ಒಟ್ಟು ಏಳೇ ದೇಶಗಳವರು, ಅವರಲ್ಲಿ ಸಿರಿಯ ಲೆಬನಾನುಗಳೂ ಸೇರಿದ್ದುವು. ಎದುರಾಳಿಯು ಬಾರದಿದ್ದಲ್ಲಿ ಗೆದ್ದವನ ಕೀರ್ತಿಗೂ ಸ್ವಲ್ಪ ಮಂಕು ಕವಿಯುವುದು. ಮರುವರ್ಷ ಆ ಮಂಕು ಬಹುಮಟ್ಟಿಗೆ ಹರಿಯಿತು: 1950ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ನಡೆದ ಮೊತ್ತಮೊದಲಿನ ಜಗತ್ ಪಂದ್ಯಾವಳಿಯಲ್ಲಿ ಈಜಿಪ್ಟ್ ಐದನೆಯ ಸ್ಥಾನವನ್ನು ಗಳಿಸಿತು. 1962ರಲ್ಲಿ ಆಫ್ರಿಕದ ರಾಷ್ಟ್ರಗಳ ಪಂದ್ಯಾವಳಿಯು ಕೈರೋವಿನಲ್ಲಿ ಆರಂಭವಾದಾಗ ಮೊದಲ ಗೆಲುವೂ ಈಜಿಪ್ಟಿನದೇ.

ಸಂಘಗಳ ನಡುವಣ ಆಫ್ರಿಕದ ಸ್ಪರ್ಧೆಯಲ್ಲಿ ಜಮಾಲೆಕ್ ತಂಡವು 1992ರಲ್ಲಿ ಜಯಿಸಿತು. ಆಮೇಲೆ ದೀರ್ಘವಾದ ನಿರೀಕ್ಷೆ. ಆಗ ಹುಟ್ಟಿದ ಮಗುವು ಬೆಳೆದು ಸಂಸಾರವಂದಿಗನಾಗುವಷ್ಟು ಕಾಲ ಸಂದಿತು. ಅಷ್ಟರಲ್ಲಿ ಅಮೆರಿಕದ ಎನ್.ಬಿ.ಎ. ಸಂಸ್ಥೆಯೂ ಜಾಗತಿಕ ಬ್ಯಾಸ್ಕೆಟ್ ಬಾಲ್ ಒಕ್ಕೂಟವೂ ಸೇರಿ ‘ಬ್ಯಾಸ್ಕೆಟ್ ಬಾಲ್ ಆಫ್ರಿಕ ಲೀಗ್’ ಎಂಬ ಹೊಸ ಪಂದ್ಯಾವಳಿಯನ್ನು ಏರ್ಪಡಿಸಿದುವು. 2020ರ ಮಾರ್ಚಿಯಲ್ಲಿ ಅದು ಆರಂಭವಾಗಬೇಕಾಗಿದ್ದಿತು. ಕೋವಿಡ್ ಮಹಾಮಾರಿಯು ಬಂದು ಎಲ್ಲವನ್ನೂ ನಿಲ್ಲಿಸಿತು. ಕಡೆಗೆ 2021ರ ಮೇ 16ರಂದು ರುವಾಂಡ ದೇಶದ ಕಿಗಾಲಿ ನಗರದ ಒಂದೇ ಅಂಗಳದಲ್ಲಿ ಹನ್ನೆರಡು ತಂಡಗಳು ಸೇರಿದುವು. ಜಮಾಲೆಕ್ ಆರು ಪಂದ್ಯಗಳನ್ನಾಡಿ ಆರನ್ನೂ ಗೆದ್ದಿತು. ಮೇ 30ರ ಕೊನೆಯ ಪಂದ್ಯದಲ್ಲಿ ಟ್ಯುನೀಸಿಯದ ಮೊನಾಸ್ತೀರ್ ತಂಡವನ್ನು 76ಕ್ಕೆ 63ರಂತೆ ಸೋಲಿಸಿ, ಆ ಲೀಗಿನ ಪ್ರಥಮ ಕಿರೀಟವನ್ನು ಧರಿಸಿತು.

ಆ ತಂಡದಲ್ಲಿ ಯಾರು ಯಾರಿದ್ದರು? ಪಂದ್ಯಾವಳಿಯ ಶ್ರೇಷ್ಠ ಆಟಗಾರನೆನಿಸಿದ ವಾಲ್ಟರ್ ಹಾಜ್, ಕೆರಿಬಿಯನ್ ದ್ವೀಪಗಳ ಕಡೆಯವನು. ತರಬೇತುಗಾರರಾದ ಅಗುಸ್ತಿ ಜುಲ್ಬೆ ಸ್ಪೇನಿನವರು. ರಕ್ಷಣೆಯಲ್ಲಿ ಶ್ರೇಷ್ಠನೆಂಬ ಬಿರುದನ್ನು ಪಡೆದ ಅನಸ್ ಮಹಮೂದ್, ಸುಮಾರು ಏಳು ಅಡಿ ಎತ್ತರದ ಈಜಿಪ್ಟಿನ ತರುಣ. ಅಮೆರಿಕದ ಲೂಯಿವಿಲ್ ವಿಶ್ವವಿದ್ಯಾಲಯದಲ್ಲಿ ಓದಿ ಆಡಿ ತಾಯ್ನಾಡಿಗೆ ಮರಳಿದವನು. ಇದನ್ನು ಕೇಳಿ ವಾಚಕರಲ್ಲಿ ಒಬ್ಬಿಬ್ಬರಾದರೂ ಹುಬ್ಬು ಗಂಟಿಕ್ಕಿಯಾರು: “ಸಂಬಳ ಕೊಟ್ಟು ತರಿಸಿದ ಪರದೇಶದವನ ಕೈಯಿಂದ ಬಂದ ಜಯವು ಊರಿನ ಜಯವು ಹೇಗಾದೀತು?” ಪ್ರಶ್ನೆಯು ಹುರುಳುಳ್ಳದ್ದೇ. ಲೀಗಿನ ನಿಯಮವನ್ನು ಮಾಡಿದವರಿಗೂ ಇದು ಹೊಳೆದಿದ್ದಿತು. ಪ್ರತಿ ತಂಡದಲ್ಲಿಯೂ ಹೆಚ್ಚಿನವರು ಸ್ವದೇಶದವರೇ ಆಗಿರತಕ್ಕದ್ದು. ಹೊರಗಿನವರ ಸಂಖ್ಯೆಗೆ ಮಿತಿಯುಂಟು.

ಆದರೆ ನಿಯಮಕ್ಕಿಂತಲೂ ಸಂಘದ ಚರಿತ್ರೆಯೇ ಈ ಪ್ರಶ್ನೆಗೆ ಒಳ್ಳೆಯ ಉತ್ತರವನ್ನು ಕೊಡುವಂತೆ ನಮಗೆ ತೋರುವುದು. ‘ಮಿಶ್ರ’ವೆಂದು ಹೆಸರು ಹೊತ್ತ ಮನೆಯಲ್ಲಿ ಹೊರಗಿನವನು ಬಂದು ದುಡಿದುದು ಅವಮಾನವಲ್ಲ. ಮನೆಯ ಯಜಮಾನಿಕೆ ಯಾರದು ಎಂಬುದೇ ಮುಖ್ಯ. ಪರರು ಬಾಗಿಲು ಕಾಯುತ್ತ, ‘ನೀನು ಬರಬಹುದು, ನೀನು ಬಾರದಿರು’ ಎಂದು ಹೇಳುತ್ತಿದ್ದ ಕಾಲವೊಂದಿದ್ದಿತು. ಮನೆಯವರೇ ಬಾಗಿಲು ತೆರೆದು, ಬೇಕಾದವನನ್ನು ಕರೆದು, ಅವನೊಡನೆ ಸರಿಸಮನಾಗಿ ನಿಂತು ಆಡುವ ಕಾಲವು ಇದು. ಈ ಎರಡಕ್ಕೂ ಅಜಗಜಾಂತರವಿರುವುದು. ಒಬ್ಬನೇ ಗೆಲ್ಲಲಾರದ ಆಟದಲ್ಲಿ ಹಾಜನು ಎಸೆದ ಚೆಂಡನ್ನು ಹಿಡಿಯುವ ಕೈ ಈಜಿಪ್ಟಿನದಾಗಿರಲೇಬೇಕಷ್ಟೆ.

ಗೆಲುವು ಶಾಶ್ವತವಲ್ಲವೆಂಬುದನ್ನೂ ಈ ಸಂಘವು ಬೇಗನೆ ಕಲಿಯಿತು. 2022ರಲ್ಲಿ ಉಪಾಂತ್ಯದಲ್ಲಿ ಅದೇ ಮೊನಾಸ್ತೀರ್ ತಂಡವು ಜಮಾಲೆಕ್ಕನ್ನು ಸೋಲಿಸಿ, ಮುಂದೆ ಕಿರೀಟವನ್ನೂ ಪಡೆಯಿತು. ಜಮಾಲೆಕ್ ಮೂರನೆಯ ಸ್ಥಾನದಲ್ಲಿ ನಿಂತಿತು. 2023ರಲ್ಲಿ ಇನ್ನೂ ಕಹಿಯಾದ ಗುಟುಕು ಕಾದಿದ್ದಿತು. ನೆರೆಯ ಪ್ರತಿಸ್ಪರ್ಧಿಯಾದ ಅಹ್ಲಿಯು ಮೊದಲ ಬಾರಿಗೆ ಲೀಗಿಗೆ ಬಂದು, ಕಿಗಾಲಿಯಲ್ಲಿಯೇ ಸೆನೆಗಲ್ ದೇಶದ ತಂಡವನ್ನು 80ಕ್ಕೆ 65ರಂತೆ ಗೆದ್ದು ಕಿರೀಟವನ್ನು ಕೊಂಡೊಯ್ದಿತು. ಅಹ್ಲಿಯ ತರಬೇತುಗಾರರು ಯಾರೆಂದರೆ, ಎರಡು ವರ್ಷಗಳ ಕೆಳಗೆ ಜಮಾಲೆಕ್ಕನ್ನು ಗೆಲ್ಲಿಸಿದ ಅದೇ ಜುಲ್ಬೆ! ವಿದ್ಯೆಯು ಕಲಿಸಿದವನೊಡನೆ ಬಾಗಿಲು ದಾಟಿ ಹೋಗುವುದು. ಅದನ್ನು ಯಾವ ಸಂಘವೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಾರದು.

ಹೀಗೆ ‘ರಾಷ್ಟ್ರೀಯ’ವೆಂಬ ಹೆಸರಿನದೂ, ‘ಮಿಶ್ರ’ವೆಂಬ ಹೆಸರಿನದೂ, ಎರಡು ಸಂಘಗಳೂ ಒಂದೇ ನಗರಕ್ಕೆ ಒಂದೊಂದು ಕಿರೀಟವನ್ನು ತಂದುವು. ಒಂದು ತನ್ನವರಿಗಾಗಿ ಮನೆ ಕಟ್ಟಿತು. ಇನ್ನೊಂದು ಬೆರೆತವರ ಮನೆಯನ್ನು ತನ್ನದಾಗಿ ಮಾಡಿಕೊಂಡಿತು. ಹಾದಿ ಬೇರೆ, ಸೇರಿದ ಊರು ಒಂದೇ. ಅರಸರ ಹೆಸರು ಫಲಕದ ಮೇಲೆ ಬರೆಯಲ್ಪಟ್ಟು ಅಳಿಸಿಹೋಗುವುದು. ಪದಕದ ಹೊಳಪೂ ಕೆಲವು ವರ್ಷಗಳದು. ಉಳಿಯುವುದು ಸಂಜೆಯಾದೊಡನೆ ಮಕ್ಕಳು ಚೆಂಡು ಹಿಡಿದು ಓಡಿಬರುವ ಅಂಗಳ, ಮತ್ತು ಅವರಿಗಾಗಿ ತೆರೆದಿರುವ ಬಾಗಿಲು. ನಮ್ಮ ನಮ್ಮ ಊರಿನ ಆಟದ ಬಯಲುಗಳನ್ನು ಕಾಯುವ ಹಿರಿಯರು ಈ ಬಾಗಿಲಿನ ಮಾತನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ, ನಾವು ಇಷ್ಟು ದೂರ ಪ್ರಯಾಣಮಾಡಿದುದು ಸಾರ್ಥಕವಾದೀತು.