ಎರಡು ಹುಲ್ಲುಹಾಸುಗಳ ನಡುವೆ ನಾವು

ಮಿನ್ನೆಸೋಟಾದಲ್ಲಿ ಮನೆ ಕೊಂಡ ಮೇಲೆಯೇ ನಮಗೆ ತಿಳಿದದ್ದು, ಇಲ್ಲಿ ಮನೆಯ ಮರ್ಯಾದೆ ಅಂಗಳದ ಹುಲ್ಲಿನಲ್ಲಿದೆ ಎಂದು. ನಮ್ಮ ಎಡಗಡೆ ಮನೆಯವರು ವರ್ಷಕ್ಕೆ ನಾಲ್ಕು ಸಲ ಗೊಬ್ಬರ ಹಾಕುತ್ತಾರೆ. ಅವರ ಲಾನ್ ಹಸಿರು ಜಮಖಾನೆ ಹಾಸಿದಂತೆ. ಬಲಗಡೆಯವರು ಏನನ್ನೂ ಹಾಕುವುದಿಲ್ಲ. ಅಲ್ಲಿ ಬಿಳಿ ಕ್ಲೋವರ್, ಹಳದಿ ಡ್ಯಾಂಡಿಲಿಯನ್, ಅವುಗಳ ಮೇಲೆ ಜೇನುನೊಣ. ಇವರಿಗೆ ಅವರು ಸೋಮಾರಿಗಳು. ಅವರಿಗೆ ಇವರು ಕೆರೆ ಕೆಡಿಸುವವರು. ನಮಗೆ ಇಬ್ಬರೂ ಬೇಕು.

ಹಾಸನದಿಂದ ಬಂದಿದ್ದ ಅಜ್ಜಿ ಇದನ್ನೆಲ್ಲ ನೋಡಿ, "ಹಸು ಇಲ್ಲದ ಮನೆಗೆ ಇಷ್ಟೊಂದು ಹುಲ್ಲು ಯಾಕಪ್ಪಾ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಊರಿನಲ್ಲಿ ಅಂಗಳದ ಹುಲ್ಲು ಕಿತ್ತು ಸಗಣಿ ಸಾರಿಸುತ್ತಿದ್ದ ನಾವು, ಇಲ್ಲಿ ದುಡ್ಡು ಕೊಟ್ಟು ಹುಲ್ಲು ಬೆಳೆಸುತ್ತಿದ್ದೇವೆ!

"ಹೊರಗಿನಿಂದ ಬಂದವರು ಅಂಗಳ ಹಾಳುಬಿಟ್ಟರು" ಅನ್ನಿಸಿಕೊಳ್ಳಬಾರದೆಂಬ ಅಳುಕಿನಿಂದ, ಮೊದಲ ಬೇಸಿಗೆಯಲ್ಲಿ ಚೀಲದ ಮೇಲೆ ಬರೆದದ್ದಕ್ಕಿಂತ ಎರಡರಷ್ಟು ಗೊಬ್ಬರ ಚೆಲ್ಲಿದೆವು. ಜುಲೈ ಬಿಸಿಲಿಗೆ ಹುಲ್ಲು ಪಟ್ಟೆಪಟ್ಟೆಯಾಗಿ ಸುಟ್ಟುಹೋಯಿತು. ಡ್ರೈವ್‌ವೇ ಮೇಲೆ ಬಿದ್ದಿದ್ದ ಕಾಳುಗಳನ್ನು ರಾತ್ರಿಯ ಮಳೆ ಬೀದಿಯ ಚರಂಡಿಗೆ ಕೊಚ್ಚಿಕೊಂಡು ಹೋಯಿತು. ಆ ನೀರು ಶುದ್ಧೀಕರಣವಾಗದೆ ನಮ್ಮ ಮಕ್ಕಳು ಈಜುವ ಕೆರೆಗೇ ಸೇರುತ್ತದೆ ಎಂದು ಆಮೇಲೆ ತಿಳಿಯಿತು. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಗೊಬ್ಬರದ ಚೀಲದ ಮೇಲೆ ಮೂರು ಅಂಕಿಗಳಿರುತ್ತವೆ: ಸಾರಜನಕ, ರಂಜಕ, ಪೊಟ್ಯಾಷ್. ನಡುವಿನ ರಂಜಕ ಕೆರೆಗೆ ಸೇರಿದರೆ ಪಾಚಿ ಹಬ್ಬಿ ನೀರು ಕೆಡುತ್ತದೆ. ಅದಕ್ಕೇ ಮಿನ್ನೆಸೋಟಾ 2002ರಲ್ಲಿ ಕಾನೂನು ಮಾಡಿ, 2005ರಿಂದ ರಾಜ್ಯದಾದ್ಯಂತ ಲಾನ್‌ಗೆ ರಂಜಕ ಹಾಕುವುದನ್ನು ನಿರ್ಬಂಧಿಸಿತು. ಹೊಸ ಲಾನ್ ಮಾಡುವಾಗ ಅಥವಾ ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡಾಗ ಮಾತ್ರ ವಿನಾಯಿತಿ. ರಸ್ತೆಗೆ ಬಿದ್ದ ಗೊಬ್ಬರವನ್ನು ಕೂಡಲೇ ಗುಡಿಸಬೇಕೆಂದೂ ನಿಯಮವಿದೆ.

ಹಾಗಾದರೆ ಯಾರು ಸರಿ? ನಮ್ಮ ಅಭಿಪ್ರಾಯದಲ್ಲಿ ಇಬ್ಬರಲ್ಲೂ ಕಲಿಯುವುದಿದೆ. ಬೇರು ಗಟ್ಟಿಯಾದ ದಟ್ಟ ಹುಲ್ಲು ಮಣ್ಣನ್ನು ಹಿಡಿದಿಡುತ್ತದೆ. ಎಡಗಡೆಯವರ ಶ್ರದ್ಧೆ ವ್ಯರ್ಥವಲ್ಲ. ಕ್ಲೋವರ್ ಗಾಳಿಯ ಸಾರಜನಕವನ್ನು ಮಣ್ಣಿಗೆ ತರುತ್ತದೆ. ಬಲಗಡೆಯವರದು ಬರೀ ಸೋಮಾರಿತನವಲ್ಲ. 2019ರಲ್ಲಿ ರಾಜ್ಯವೇ ಜೇನುನೊಣಗಳಿಗಾಗಿ ಇಂಥ ಅಂಗಳಗಳಿಗೆ ಸಹಾಯಧನದ ಯೋಜನೆ ತಂದಿತು.

ಈಗ ನಾವು ಮಿನ್ನೆಸೋಟಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಮಣ್ಣು ಪರೀಕ್ಷೆ ಮಾಡಿಸಿದ್ದೇವೆ. ಬೇಸಿಗೆಯ ಕೊನೆಗೆ ಒಮ್ಮೆ ಮಾತ್ರ ಗೊಬ್ಬರ. ಕತ್ತರಿಸಿದ ಹುಲ್ಲನ್ನು ಅಲ್ಲೇ ಬಿಡುತ್ತೇವೆ, ಅದೇ ಗೊಬ್ಬರ. ಬೀದಿಗೆ ಬಿದ್ದದ್ದನ್ನು ಗುಡಿಸುವ ಕೆಲಸ ಮಕ್ಕಳದು. ಹಿಂದಿನ ಮೂಲೆಯಲ್ಲಿ ಕ್ಲೋವರ್ ಬೆಳೆದಿದೆ, ಮುಂದೆ ಹುಲ್ಲು ಅಚ್ಚುಕಟ್ಟಾಗಿದೆ.

ನೆರೆಯವರು ಏನೆಂದುಕೊಂಡಾರು ಎಂದು ಹೆದರಿ ಗೊಬ್ಬರ ಹಾಕುವುದಕ್ಕಿಂತ, ಬೇಲಿಯ ಬಳಿ ನಿಂತು ಅವರನ್ನೇ ಕೇಳುವುದು ಮೇಲು. ಬೇಲಿ ಅಂಗಳಕ್ಕಿದೆ, ಕೆರೆಗಿಲ್ಲ. ಮಕ್ಕಳೇ, ಈ ಸಲ ಅಪ್ಪ ಗೊಬ್ಬರ ತಂದಾಗ ಚೀಲದ ನಡುವಿನ ಅಂಕಿ ಎಷ್ಟೆಂದು ನೀವೇ ನೋಡಿ ಹೇಳುತ್ತೀರಲ್ಲ?