ಕತ್ತರಿ ಕೆಳಗಿಟ್ಟವರಿಗೆ ಹಾರವಿಲ್ಲವೇ?

ಉಪಾಧ್ಯಾಯರು ನಿವೃತ್ತರಾದರೆ ಹಾರ, ಶಾಲು, ಗುಂಪುಚಿತ್ರ. ಕಚೇರಿಯ ಜವಾನರಿಗೂ ಒಂದು ಬೀಳ್ಕೊಡುಗೆ ಉಂಟು. ನಲವತ್ತು ವರ್ಷ ಊರಿನವರ ತಲೆ ತಿದ್ದಿದ ಕ್ಷೌರಿಕರು ಕೈನಡುಕ ಬಂದು ಅಂಗಡಿ ಮುಚ್ಚಿದರೆ ಮಾತ್ರ ನಾವು ಮರುದಿನ ಪಕ್ಕದ ಅಂಗಡಿಗೆ ಹೋಗುತ್ತೇವೆ, ಅಷ್ಟೆ.

ಇದು ಕಲೆಯಲ್ಲ, ಬರಿಯ ಕಸುಬು ಎನ್ನುವವರುಂಟು. ಚನ್ನಪಟ್ಟಣದ ಬೊಂಬೆಗೆ 2005-06ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು, ನಮಗೆಲ್ಲ ಹೆಮ್ಮೆ. ಆದರೆ ಬೊಂಬೆಯ ಮರ ಮಾತಾಡದು. ತಲೆ ಹಾಗಲ್ಲ. ಒಬ್ಬರ ಸುಳಿ ಎಡಕ್ಕೆ, ಇನ್ನೊಬ್ಬರದು ಬಲಕ್ಕೆ. ಮಗು ಅಳುತ್ತದೆ, ಮುದುಕರು ತೂಕಡಿಸುತ್ತಾರೆ, ಮದುವಣಿಗ ಸಿನಿಮಾ ನಟನ ಚಿತ್ರ ತೋರಿಸುತ್ತಾನೆ! ಇವೆಲ್ಲಕ್ಕೂ ಕತ್ತರಿಯಲ್ಲೇ ಉತ್ತರ ಹೇಳುವುದು ಕಲೆಯಲ್ಲದೆ ಮತ್ತೇನು?

ನಮ್ಮ ಮನೆಯಿಂದ ಕಾಲೇಜಿಗೆ ಬಂದ ಮೊದಲಿಗ ನಾನು. ಪ್ರವೇಶದ ದಿನ ಕ್ರಾಪು ತಿದ್ದಿ, “ದುಡ್ಡು ಕೆಲಸ ಸಿಕ್ಕಮೇಲೆ ಕೊಡಪ್ಪ” ಎಂದವರು ಇಂಥವರೇ.

ಬಸವಣ್ಣನವರ ಒಡನಾಡಿ ಹಡಪದ ಅಪ್ಪಣ್ಣನವರ ಜಯಂತಿಯಲ್ಲಿ ಭಾಷಣ ಮಾಡಿದ ನಾಲಿಗೆಯೇ ಈ ಕಸುಬಿನ ಹೆಸರನ್ನು ಬೈಗುಳವಾಗಿ ಆಡುವುದೂ ಉಂಟು. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಸೇರಿತು. ತರಬೇತಿ, ಸಾಲ, ಉಪಕರಣಕ್ಕೆ 15,000 ರೂಪಾಯಿಯವರೆಗೆ ನೆರವು. ಒಳ್ಳೆಯದೇ. ಆದರೆ ಅದು ಕತ್ತರಿ ಹಿಡಿಯುವವರಿಗೆ, ಕೆಳಗಿಡುವವರ ಗತಿ?

ಪಿಂಚಣಿ ಕೊಡಿಸುವುದು ವಿದ್ಯಾರ್ಥಿಗಳಿಂದಾಗದು, ಹಾರ ಹಾಕುವುದಾಗುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಮಿತ್ರರು ತಂತಮ್ಮ ಊರಿನ ಹಿರಿಯ ಕ್ಷೌರಿಕರೊಬ್ಬರ ಹೆಸರನ್ನು ವಿದ್ಯಾರ್ಥಿ ಸಂಘಕ್ಕೆ ಬರೆದುಕೊಡಲಿ. ಮುಂದಿನ ವಾರ್ಷಿಕೋತ್ಸವದಲ್ಲಿ, ಮುಖ್ಯ ಅತಿಥಿಗಳ ಭಾಷಣಕ್ಕೆ ಮೊದಲೇ, ಅವರನ್ನು ವೇದಿಕೆಗೆ ಕರೆಯೋಣ.